ಓದಲು ಮಾತ್ರ

ಪುಂತಾ ಅರೇನಾಸ್‌ನಲ್ಲಿ ಗಾಳಿ ಜೋರಾದ ದಿನ
ಬೀದಿ ಮೂಲೆಗಳಿಗೆ ಹಗ್ಗ ಕಟ್ಟುತ್ತಾರೆ,
ಜನ ಹಿಡಿದು ನಡೆಯಲಿ ಎಂದು.
ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅಂಥ ಹಗ್ಗವಿಲ್ಲ.
ಇಲ್ಲಿ ನಾನು, ಎಲೆಯುತೇರಿಯೊ ಬಾರ್ರಿಯಾ,
ನಿವೃತ್ತಿಗೆ ಹನ್ನೊಂದು ವಾರ ಬಾಕಿ,
ಮಾಟೆ ಎಲೆಯ ಕಷಾಯ, ಒಂದು ಪರದೆ.

ಇಲ್ಲಿಯ ಯಂತ್ರಗಳಿಗೆಲ್ಲ ವಿಳಾಸ ಹಂಚಿದವನು ನಾನು.
ಆಗ ಇದ್ದದ್ದು ಚೌಕುಳಿ ಹಾಳೆಯ ನೋಟುಪುಸ್ತಕ.
ಹತ್ತು, ಚುಕ್ಕಿ, ನಲವತ್ತು, ಚುಕ್ಕಿ...
ಎಕ್ಸ್‌ರೇಗೆ ಇಷ್ಟು, ಹೆರಿಗೆ ವಾರ್ಡಿಗೆ ಇಷ್ಟು,
ಶವಾಗಾರಕ್ಕೂ ಎರಡು ಬಿಟ್ಟಿದ್ದೆ,
ಅಲ್ಲಿಗೇಕೆ ಎಂದು ನಕ್ಕಿದ್ದರು.
(ಬೇಕಾಯಿತು. ತಂಪು ಅಳೆಯುವ ಯಂತ್ರಕ್ಕೆ.)
ಬರೆದದ್ದು ಪೆನ್ಸಿಲ್ಲಿನಲ್ಲಿ, ರಬ್ಬರು ನನ್ನ ಜೇಬಿನಲ್ಲಿ.
ಆಗಿನ ಅಧಿಕಾರ ಅಷ್ಟೇ.

ಮಾರ್ಚಿನಲ್ಲಿ ಹೊಸ ಏರ್ಪಾಡು ಬಂತು. ಎಲ್ಲರಿಗೂ ಒಂದೊಂದು ಪಾತ್ರ:
ಕೊಡುವವರು, ಕೇಳುವವರು, ನೋಡುವವರು.
ಯಾಸ್ನಾ ಮಿಹೊವಿಲೊವಿಚ್ ನನ್ನ ಹೆಸರಿನ ಮುಂದಿನ
ಟಿಕ್ಕುಗಳನ್ನು ಒಂದೊಂದಾಗಿ ತೆಗೆದಳು,
ಮೀನಿನ ಮುಳ್ಳು ಬಿಡಿಸಿದಂತೆ, ಕಣ್ಣೆತ್ತದೆ.
ಒಂದನ್ನು ಉಳಿಸಿದಳು: ಓದಲು ಮಾತ್ರ.
ಗುಂಡಿಗಳು ಬೂದಿಬಣ್ಣಕ್ಕೆ ತಿರುಗಿದವು.
ಒತ್ತಿದರೆ ಬಯ್ಯುವುದೂ ಇಲ್ಲ, ಸುಮ್ಮನಿರುತ್ತವೆ.
ಹೊಳೆ ಬತ್ತಿದ ಮೇಲೂ ಪಾತ್ರ ಇರುತ್ತದಲ್ಲ, ಹಾಗೆ.

ನಿನ್ನೆ ರಾತ್ರಿ ಎರಡೂ ಕಾಲಕ್ಕೆ
ಒಂದು ಸಾಲು ಕೆಂಪಾಯಿತು.
ನಾಲ್ಕನೇ ಮಹಡಿಯ ಔಷಧ ಪಂಪು;
ಅದೇ ವಿಳಾಸಕ್ಕೆ ಯಾರೋ ಸಿಕ್ಕಿಸಿದ ಲೇಬಲ್ ಪ್ರಿಂಟರು.
ಒಂದೇ ಒರೆಯಲ್ಲಿ ಎರಡು ಕತ್ತಿ.
ಏನು ಮಾಡಬೇಕೆಂದು ಬೆರಳಿಗೆ ಗೊತ್ತಿತ್ತು.
ಮೂವತ್ತು ವರ್ಷದಿಂದ ಗೊತ್ತಿದ್ದ ಬೆರಳು
ಬೂದಿ ಗುಂಡಿಯ ಮೇಲೆ ಕೂತಿತು.

ಫೋನು. ನಾಲ್ಕು ರಿಂಗು. ನಿದ್ದೆ ಮೆತ್ತಿದ ದನಿ.
"ಕೊನೆಯ ಅಂಕಿ?"
"ಅರವತ್ತೇಳು."
"ಖಚಿತವೇ, ದೋನ್ ಎಲೆಯುತೇರಿಯೊ?"

ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ.
ರಬ್ಬರಿನ ಕಾಲದಲ್ಲಿ ಕೇಳುವವರೇ ಇರಲಿಲ್ಲ.
ಒಮ್ಮೆ ತಪ್ಪು ಸಾಲು ಅಳಿಸಿ
ಇಡೀ ರಕ್ತನಿಧಿಯನ್ನು ಒಂದು ಮಧ್ಯಾಹ್ನ
ಮೂಕವಾಗಿಸಿದ್ದೆ. ಯಾರಿಗೂ ಹೇಳಿಲ್ಲ.
ಪುಸ್ತಕವೂ ಹೇಳಲಿಲ್ಲ; ಅಳಿಸಿದ್ದು ಅಳಿಸಿಯೇ ಹೋಗಿತ್ತು.

ಕನ್ನಡಕ ಒರೆಸಿ ಮತ್ತೆ ನೋಡಿದೆ.
ಅರವತ್ತೊಂದು.
"ಅರವತ್ತೊಂದು" ಎಂದೆ.
ಆ ತುದಿಯಲ್ಲಿ ಉಸಿರಷ್ಟೇ ಕೇಳಿತು, ಆಮೇಲೆ ಕೀಲಿಗಳ ಸದ್ದು.

ಕೆಂಪು ಹೋಯಿತು. ದಾಖಲೆಯಲ್ಲಿ ಒಂದು ಸಾಲು:
ಹೊತ್ತು, ಅವಳ ಹೆಸರು, ಹಳೆಯದು, ಹೊಸದು.
ನನ್ನ ಅರವತ್ತೇಳು ಅದರಲ್ಲಿ ಎಲ್ಲೂ ಇಲ್ಲ.
ಕಷಾಯ ಆರಿತ್ತು. ಆದರೂ ಕುಡಿದೆ.

ಬೆಳಿಗ್ಗೆ ಹೊರಗೆ ಬಂದರೆ ಹಗ್ಗ ಬಿಗಿದೇ ಇತ್ತು.
ಹಿಡಿಯದೆ ಎರಡು ಹೆಜ್ಜೆ ಹಾಕಿ ನೋಡಿದೆ.
ಮೂರನೆಯದಕ್ಕೆ ಹಿಡಿದೆ.