ಎಂಟು ಸೆಕೆಂಡು

ಕೌನಸ್ ಊರಿನ ಹಳೆಯ ಕಾಲುಚೀಲದ ಕಾರ್ಖಾನೆಯಲ್ಲಿ,
ಮೂರನೇ ಮಹಡಿ,
ನನ್ನ ಕೆಲಸ ಹೆಣ ಎತ್ತುವುದು.
ಗುದ್ದಲಿ ಬೇಡ, ಚಟ್ಟ ಬೇಡ,
ಹೆಗಲು ಕೊಡಲು ನಾಲ್ವರು ಬೇಡ.
ಬಿದ್ದವನು ಎಂಟನೆಯ ಸೆಕೆಂಡಿಗೆ
ನೆಲದೊಳಕ್ಕೆ ಇಂಗಬೇಕು,
ಬಟ್ಟೆಯ ಮೇಲಿನ ನೀರಿನ ಕಲೆ ಆರುವ ಹಾಗೆ.
ಒಂಬತ್ತಾದರೆ ಆಟ ತಡವರಿಸುತ್ತದೆ.
ಯಂತ್ರಕ್ಕೆ ಅಷ್ಟೊಂದು ನೆನಪಿಲ್ಲ.

ಮೊದಲ ವಾರವೇ ಕೇಳಿದ್ದೆ ವೈದೋತಾಸನನ್ನು:
ಯಾಕೆ ಎಲ್ಲರನ್ನೂ ಕೊಂದೇ ದಾಟಬೇಕು?
ಕಾವಲಿನವನನ್ನು ಮಾತಾಡಿಸಿ ಒಳಗೆ ಹೋಗಬಾರದೆ?
ಕಪ್ಪು ರೊಟ್ಟಿ ಅಗಿಯುತ್ತಾ ಅವನು ಬೆರಳು ಮಡಚಿದ:
ಮಾತಾಡಿಸಬೇಕೆಂದರೆ ಅವನಿಗೊಂದು ಹೆಸರು ಬೇಕು,
ಹೆಸರಿದ್ದರೆ ಊರು, ಊರಿದ್ದರೆ ಮನೆ,
ಮನೆಯಲ್ಲಿ ಇವನ ಪಾಳಿ ಮುಗಿಯಲೆಂದು
ಸೂಪು ಮುಚ್ಚಿಟ್ಟು ಕಾಯುವವರು ಯಾರಾದರೂ.
ದನಿಗೊಬ್ಬ ನಟ, ದನಿಗೆ ತಕ್ಕಂತೆ ಅಲುಗುವ ತುಟಿ,
ಆಮೇಲೆ ಹದಿನಾಲ್ಕು ಭಾಷೆಗೆ ತರ್ಜುಮೆ.
ಬದುಕು ಮೂರು ತಿಂಗಳ ಕೆಲಸ, ಮಾರಾಯ್ತಿ,
ಸಾವು ಒಂದು ಸಾಲು.

ಲೆಕ್ಕದಲ್ಲಿ ತಪ್ಪಿರಲಿಲ್ಲ.
ಸಂಜೆ ಬಸ್ಸಿನಲ್ಲಿ ಎದುರು ಸೀಟಿನ ಮುದುಕಿ
ಬೀಟ್‌ರೂಟಿನ ಚೀಲ ತೊಡೆಯ ಮೇಲಿಟ್ಟು ತೂಕಡಿಸುತ್ತಿದ್ದಳು.
ಚೀಲದ ಹಿಡಿ ಬೆರಳಿಗೆ ಎರಡು ಸುತ್ತು.
ಇವಳನ್ನು ಬರೆಯಲು ಎಷ್ಟು ತಿಂಗಳು ಬೇಕಾದೀತು
ಎಂದು ನೋಡುತ್ತಾ ಕೂತೆ.
ಇಳಿಯುವ ಸ್ಟಾಪು ದಾಟಿಹೋಯಿತು.

ಶನಿವಾರ ಅಕ್ಕನ ಮಗ ಕಾಯುಸ್ ಬರುತ್ತಾನೆ.
ಒಂಬತ್ತು ವರ್ಷ, ಮುಂದಿನ ಹಲ್ಲು ಅರ್ಧ ಮುರಿದದ್ದು.
ಶಾಲೆಯ ಪುಸ್ತಕದಲ್ಲಿ ತಪ್ಪಿಗೊಂದು ಕೆಂಪು ಗೆರೆ,
ಅದನ್ನು ಅಳಿಸುವಂತಿಲ್ಲ.
ಇಲ್ಲಿ ಸತ್ತರೆ ಸೇತುವೆಯ ಬಳಿ
ಹಸಿರು ಟೋಪಿ ಸಹಿತ ಎದ್ದು ನಿಲ್ಲುತ್ತಾನೆ.
ಮೂವತ್ತೊಂದು ಸಲ ಸತ್ತೆ ಚಿಕ್ಕಮ್ಮಾ, ಎನ್ನುತ್ತಾನೆ,
ತರಚಿದ ಮೊಣಕಾಲು ತೋರಿಸುವ ಜಂಬದಲ್ಲಿ.
ಕೊಲ್ಲುವುದು ಅವನಿಗೆ ಅಷ್ಟು ಮುಖ್ಯವಲ್ಲವೇನೋ.
ಏಳುವುದು ಮುಖ್ಯ.
ಏಳಬೇಕಾದರೆ ಬೀಳಲೇಬೇಕಲ್ಲ.

ಸತ್ತವರ ಹಬ್ಬದ ಹಿಂದಿನ ದಿನ, ಯಾಕೋ,
ಆ ಒಂದು ಸಾಲನ್ನು ಅಳಿಸಿ
ಕಾಯುಸನ ಕೈಗೆ ಆಟ ಕೊಟ್ಟೆ.
ಬಿದ್ದವರು ಬಿದ್ದಲ್ಲೇ ಉಳಿದರು.
ಹನ್ನೊಂದು ಜನ, ಹದಿನೇಳು ಜನ.
ಯಾರದೋ ಮೊಣಕೈಗೆ ಇವನ ಬೂಟು ಸಿಕ್ಕಿಕೊಂಡಿತು,
ಯಂತ್ರದ ಫ್ಯಾನು ಬುಸುಗುಟ್ಟಿತು,
ನದಿ ಹರಿಯುವುದನ್ನು ನಿಲ್ಲಿಸಿ ಹರಿಯಿತು.
ಆಟ ಕೆಟ್ಟಿದೆ, ಎಂದ.
ಮತ್ತೆ ಸತ್ತ, ಮತ್ತೆ ಸೇತುವೆಗೆ ಬಂದ,
ಬಂದವನು ನಿಂತುಬಿಟ್ಟ.
ಅಲ್ಲಿ ಹಸಿರು ಟೋಪಿಯ ಐವರು ಮಲಗಿದ್ದರು,
ಒಬ್ಬನ ಮೇಲೊಬ್ಬನ ಕಾಲು.

ಇದು ನಾನಾ?
ನನಗೆ ಉತ್ತರ ಹೊಳೆಯಲಿಲ್ಲ.
ಆ ಆಟದಲ್ಲಿ ಕೈಗೆ ಇರುವುದು ಆರು ಕೆಲಸ:
ಓಡು, ಹಾರು, ಗುಂಡು ತುಂಬು, ಗುರಿಯಿಡು, ಹೊಡೆ,
ಮತ್ತೆ ಗೋಡೆಯ ಹಿಂದೆ ಅಡಗಲೆಂದು ನಾವಿಟ್ಟ
ಕುಕ್ಕರಗಾಲಲ್ಲಿ ಕೂರುವ ಬಟನ್ನು.
ಕಾಯುಸ್ ಅದನ್ನು ಒತ್ತಿದ,
ತನ್ನ ಪಕ್ಕ ತಾನು ಕೂತ.
ಎಷ್ಟು ಹೊತ್ತು ಎಂದರೆ
ಎಲ್ಲಿಂದಲೋ ಒಬ್ಬ ಕಾವಲಿನವನು ಬಂದು
ಸಾವಕಾಶ ಗುರಿಯಿಟ್ಟು ಅವನನ್ನು ಹೊಡೆಯುವಷ್ಟು.
ಆರು ಜನವಾದರು.

ಮರುದಿನ ಅಜ್ಜನ ಗೋರಿಗೆ ದೀಪ ಹಚ್ಚಿದ ಮೇಲೆ
ಪಕ್ಕದ ಹೆಸರಳಿದ ಕಲ್ಲಿಗೂ ಒಂದು ಬೇಕೆಂದು ಕಾಯುಸ್ ಹಟ ಮಾಡಿದ.
ಗಾಳಿಗೆ ಕಡ್ಡಿ ಮೂರು ಸಲ ಆರಿತು.
ಅಕ್ಕ ಚಳಿಯೆಂದು ಗೊಣಗಿದಳು.

ಸೋಮವಾರ ಸಾಲನ್ನು ಮತ್ತೆ ಬರೆದೆ,
ಎಂಟರ ಜಾಗದಲ್ಲಿ ಒಂಬತ್ತು.
ಎಲ್ಲೋ ಸಣ್ಣಗೆ ತಡವರಿಸುತ್ತಿದೆಯಲ್ಲ, ಎಂದ ವೈದೋತಾಸ್.
ನೋಡುತ್ತೇನೆ ಎಂದೆ.
ಇನ್ನೂ ನೋಡಿಲ್ಲ.