ಮುಸುಕಿನ ಜೋಳ

ಹನ್ನೊಂದು ದೇಶದ ಪೊಲೀಸರು ಏಳು ವರ್ಷ ಹುಡುಕಿದ
ಆ ಲುಹಾನ್ ಯಾರೋ ನನಗೆ ಗೊತ್ತಿಲ್ಲ, ಸಾಹೇಬರೇ.
ನಾನು ಬೇಯಿಸಿ ಹಾಕಿದ್ದು
ಬಾರ್ರಿಯೋಸ್ ಅನ್ನುವ ಒಬ್ಬ ಮುದುಕನಿಗೆ.
ಮೊಣಕಾಲು ನೋವು, ಕುರಿಚರ್ಮದ ಚಪ್ಪಲಿ.
ಅಷ್ಟು ದುಡ್ಡು ಸುರಿದು ಕೊಂಡ ಸಮುದ್ರಕ್ಕೆ
ಬೆನ್ನು ಹಾಕಿಯೇ ಕೂರುತ್ತಿದ್ದ, ಬಾಗಿಲು ನೋಡುತ್ತ.

ಬರೆದುಕೊಳ್ಳಿ: ಮಿರ್ತಾ ಸಿಲ್ವೇರಾ, ಐವತ್ತೆಂಟು,
ಉರುಗ್ವೆ, ರೋಚಾ ಜಿಲ್ಲೆ.
ಮೀನು ಹುರಿಯುವುದರಲ್ಲಿ ನನ್ನ ಕೈ ಒಳ್ಳೆಯದೆಂದು
ಯಾರನ್ನು ಕೇಳಿದರೂ ಹೇಳುತ್ತಾರೆ.
ಅವನು ಮೀನು ಮುಟ್ಟಲಿಲ್ಲ.
ಮೊದಲ ದಿನವೇ ಅಂದ: ಜೋಳಕ್ಕೆ ಸುಣ್ಣ ಹಾಕಿ ಬೇಯಿಸು.
ಸುಣ್ಣವೇ?
ನಮ್ಮಲ್ಲಿ ಸುಣ್ಣ ಗೋಡೆಗೆ, ಮರದ ಬುಡಕ್ಕೆ,
ಸತ್ತ ಹಸು ಹೂಳುವ ಗುಂಡಿಗೆ.
ನಕ್ಕ.
ಕೊನೆಯದು ನನಗೂ ಗೊತ್ತು, ಅಂದ.

ಜೋಳ ಬರುತ್ತಿತ್ತು ತಿಂಗಳಿಗೊಂದು ಪೆಟ್ಟಿಗೆ,
ತೆನೆ ತೆನೆಯಾಗಿ, ಮುಸುಕು ಸುಲಿಯದೆ,
ಅವನೂರಿನ ಬೆಟ್ಟದಿಂದ ಪನಾಮಾ, ಅಲ್ಲಿಂದ ಅಸುನ್ಸಿಯೋನ್,
ಅಲ್ಲಿಂದ ಬಸ್ಸಿನ ಹೊಟ್ಟೆಯಲ್ಲಿ ನಮ್ಮ ಅಂಚೆ ಕಚೇರಿಗೆ.
ಮೇಲೆ 'ಬೀಜದ ಮಾದರಿ' ಎಂಬ ಚೀಟಿ.
ಸುಲಿದರೆ ಒಳಗೆ ನೀಲಿ ಕಾಳು,
ಬಾಗಿಲಿಗೆ ಸಿಕ್ಕಿದ ಉಗುರಿನ ಬಣ್ಣ.

ನೀವೇ ಹೇಳಿದಿರಲ್ಲ, ನಿಮ್ಮ ನಾಯಿ
ಆ ಪೆಟ್ಟಿಗೆಯನ್ನು ಒಂಬತ್ತು ಸಲ ಮೂಸಿ
ಬಾಲ ಅಲ್ಲಾಡಿಸಿ ಬಿಟ್ಟಿತ್ತಂತೆ.
ಪುಡಿ ಇದ್ದರೆ ತಾನೆ?
ಕಸ್ಟಮ್ಸ್‌ನ ಯಾವಳೋ ಹುಡುಗಿ, ಇಪ್ಪತ್ತಾರು ವರ್ಷದವಳು,
ಊಟದ ಹೊತ್ತಿಗೆ ತನ್ನಷ್ಟಕ್ಕೆ ಕೇಳಿಕೊಂಡಳಂತೆ:
ಈ ದೇಶದಲ್ಲಿ ಜೋಳಕ್ಕೆ ಬರವೇ?
ಮೂಗು ಬದಲಾಯಿಸಿಕೊಂಡವನು, ಬೆರಳ ಗುರುತು ಸುಟ್ಟುಕೊಂಡವನು
ನಾಲಿಗೆಯನ್ನು ಏನು ಮಾಡಿಯಾನು.

ಮೊದಮೊದಲು ಸುಣ್ಣ ಹೆಚ್ಚಾಗಿ ಅವನ ಬಾಯಿ ಸುಟ್ಟಿತು.
ಬೈಯಲಿಲ್ಲ. ತೋಳು ಮಡಚಿ ಹಿಟ್ಟಿಗೆ ಕೈಯಿಟ್ಟ,
ಅಂಗೈಯಿಂದ ಅಂಗೈಗೆ ತಟ್ಟಿದ, ಚಪ್, ಚಪ್,
ಮಗುವಿನ ಬೆನ್ನು ತಟ್ಟಿ ತೇಗು ಬರಿಸುವ ಹಾಗೆ.
ಇದನ್ನೂ ಬರೆದುಕೊಳ್ಳಬೇಕೆ? ಬೇಡವಾದರೆ ಬಿಡಿ.

ಇನ್ನೊಂದು ರಾತ್ರಿ ಫೋನು ಬಂತು.
ಬಹಳ ಹೊತ್ತು ಕೇಳಿಸಿಕೊಂಡ.
'ಹದಿನಾಲ್ಕೂ' ಅಂದ. ಇಟ್ಟ.
ಉಪ್ಪು ಕೊಡು ಮಿರ್ತಾ, ಅಂದ.
ಕೊಟ್ಟೆ.
ಹದಿನಾಲ್ಕು ಮೂಟೆ ಇರಬೇಕು ಅಂದುಕೊಂಡಿದ್ದೆ.
ಲಾರಿಯ ಹಿಂದೆ ಕೂತಿದ್ದ ಹುಡುಗರು ಅಂತ
ನೀವು ಈಗ ಹೇಳುತ್ತಿದ್ದೀರಿ.
ನೀರು ಕೊಡಿ ಸ್ವಲ್ಪ.

ನನಗೂ ಒಬ್ಬ ಹುಡುಗ. ವಿಲ್ಮಾರ್.
ಮೊಂತೆವಿದೇವೊದಲ್ಲಿ ಮೆಕ್ಯಾನಿಕ್ ಆಗುತ್ತೇನೆಂದು ಹೋಗಿ
ಅಗ್ಗದ ಹೊಗೆಗೆ ಬಿದ್ದು ಬಂದ.
ಟಿ.ವಿ. ಮಾರಿದ, ಗೇಟು ಮಾರಿದ,
ನಾನು ಚರ್ಚಿಗೆ ಹೋದ ಹೊತ್ತಿನಲ್ಲಿ ಮನೆಯ ತಗಡು ಇಳಿಸಿದ.
ಆ ಹೊಗೆಗೂ ಈ ಒಲೆಯ ಹೊಗೆಗೂ
ಗಂಟು ಹಾಕಿ ನೋಡಲಿಲ್ಲ ನಾನು.
ಈಗ ನೀವು ಹಾಕಿ ಕೊಟ್ಟಿದ್ದೀರಿ, ಬಿಚ್ಚಲು ಬರುತ್ತಿಲ್ಲ.

ಬೆಳಗಿನ ಜಾವ ಮುಸುಕು ಹಾಕಿಕೊಂಡು ಬಂದಿರಿ ನಲವತ್ತು ಜನ.
ಸುರಂಗದಿಂದ ಎಳೆದು ತಂದರು ಅನ್ನುತ್ತದೆ ಟಿ.ವಿ.
ಎಲ್ಲಿಯ ಸುರಂಗ? ಅಡುಗೆಮನೆಯಲ್ಲಿದ್ದ,
ಒಂದೇ ಕಾಲಿಗೆ ಚಪ್ಪಲಿ.
ಕೈಗೆ ಕೋಳ ಬೀಳುವಾಗ ನನ್ನ ಕಡೆ ತಿರುಗಿ
ಜೋಳ ನೆನೆ ಹಾಕಿದ್ದೀಯಾ, ಅಂತ ಕೇಳಿದ.
ಹಾಕಿದ್ದೇನೆ, ಅಂದೆ.

ಈ ಆರು ಫೋಟೋದಲ್ಲಿ ಯಾವುದು ಎಂದರೆ ಹೇಗೆ ಹೇಳಲಿ?
ಆರಕ್ಕೂ ಆರು ಮೂಗು.
ನನಗೆ ಗೊತ್ತಿರುವುದು ಅವನ ಬೆನ್ನು, ಅವನ ತಟ್ಟೆ.

ಬಹುಮಾನ ಆ ಹುಡುಗಿಗೆ ಸಿಗಲಿ, ನನ್ನ ತಕರಾರಿಲ್ಲ.
ಒಂದೇ ಒಂದು ಮಾತು, ಸಾಹೇಬರೇ.
ಒಲೆಯ ಮೇಲಿನ ಪಾತ್ರೆಗೂ ಸೀಲು ಹಾಕಿದ್ದೀರಿ.
ಸುಣ್ಣದ ನೀರು, ಇಷ್ಟರಲ್ಲಿ ಹುಳಿ ಬಂದಿರುತ್ತದೆ.
ಪಾತ್ರೆ ಅವನದಲ್ಲ, ನನ್ನದು,
ವಿಲ್ಮಾರ್ ಮಾರದೆ ಬಿಟ್ಟ ಒಂದೇ ಪಾತ್ರೆ.
ಯಾವತ್ತು ಬರಲಿ, ತೆಗೆದುಕೊಂಡು ಹೋಗಲು?