ಮುಳುಗುವ ಕೂದಲು

ಕತ್ತರಿ ಕಿವಿಯ ಹಿಂದೆ ಕಿಚಕಿಚ ಅನ್ನುವಾಗ
ವರ್ಡಾ ಕೇಳಿದಳು: ಭಾನುವಾರ ಏನು ಮಾಡ್ತೀಯ?
ಏನೂ ಇಲ್ಲ ಅಂದೆ. ಅಷ್ಟಕ್ಕೇ ಸಿಕ್ಕಿಬಿದ್ದೆ.

ಕೆಂಟಕಿಯ ಈ ಗುಡ್ಡಸಾಲಿನ ಗಂಡಸರ ತಲೆಗಳೆಲ್ಲ
ಮೂವತ್ತು ವರ್ಷದಿಂದ ಅವಳ ಕೈಯಲ್ಲೇ ಇವೆ.
ಕನ್ನಡಿಯ ಕೆಳಗಿನ ಡ್ರಾಯರಿನಲ್ಲಿ
ರೇಜರಿನ ಪಕ್ಕ ಅಳಿಲಿನ ಬಾಲ,
ನವಿಲುಗರಿಯ ಎಳೆ, ತಾಮ್ರದ ತಂತಿ,
ಅಕ್ಕಿಕಾಳಿನಷ್ಟೇ ಇರುವ ಗಾಳಗಳು.

ಮೊದಲ ಪಾಠ ನೀರಿಲ್ಲದ ಕಡೆ,
ಚರ್ಚಿನ ಹಿಂದಿನ ಹುಲ್ಲಿನ ಮೇಲೆ.
ಗಾಳದ ಬದಲು ಒಂದು ಚೂರು ಕೆಂಪು ಉಣ್ಣೆ.
"ಹುಳುವನ್ನ ಎಸೀಬೇಡ, ಅದಕ್ಕೆ ತೂಕವೇ ಇಲ್ಲ.
ದಾರ ಎಸಿ. ಹುಳು ತಾನೇ ಹಿಂದೆ ಬರುತ್ತೆ,
ಮೆರವಣಿಗೆಯ ಬಾಲಕ್ಕೆ ನಾಯಿಮರಿ ಬಂದ ಹಾಗೆ."

ನನ್ನದು ಲಾರಿಯ ಕೈ. ಕಲ್ಲಿದ್ದಲು ಹೊತ್ತು
ಗೇರು ತಳ್ಳಿ ತಳ್ಳಿ ಪಳಗಿದ್ದು.
ತಳ್ಳಿದೆ. ಹಳದಿ ದಾರ ಹೆಗಲ ಮೇಲೆ ಬಂದು ಬಿತ್ತು
ಬೆಂದ ಶ್ಯಾವಿಗೆಯ ಹಾಗೆ.
ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವನ ಗಾದೆ
ನನ್ನನ್ನು ನೋಡಿಯೇ ಕಟ್ಟಿದ್ದಿರಬೇಕು.

"ಹಿಂದಕ್ಕೆ ಹೋದದ್ದು ನೆಟ್ಟಗಾಗೋವರೆಗೆ ಕಾಯಿ."
ಎಷ್ಟು ಹೊತ್ತು?
"ನಿನ್ನ ಹೆಸರು ಹೇಳಿಕೊಳ್ಳುವಷ್ಟು."
ಎಲ್ವುಡ್ ಸ್ಟಿಡಮ್, ಅಂದೆ ಪ್ರತಿ ಸಲವೂ, ಗಟ್ಟಿಯಾಗಿ,
ಯಾರೋ ಹಾಜರಿ ಕೂಗಿದ ಹಾಗೆ.
ನೂರನೆಯ ಸಲಕ್ಕೋ ಏನೋ
ನನ್ನ ಹೆಸರು ಮುಗಿಯುವಲ್ಲಿ ದಾರ ನೆಟ್ಟಗಾಯಿತು.
ಕೈಗೆ ಗೊತ್ತಾಯಿತು.
ತಲೆಗೆ ಇನ್ನೂ ಗೊತ್ತಿಲ್ಲ.

ಟ್ರೌಟ್ ಹಿಡಿಯೋಣವಾ, ಅಂದೆ, ಹುಮ್ಮಸ್ಸಿನಲ್ಲಿ.
"ಟ್ರೌಟ್ ಅಂದ್ರೆ ಹೋಟೆಲಿನ ಗಿರಾಕಿ,
ತಟ್ಟೆ ವಾಪಸ್ ಕಳಿಸುತ್ತೆ.
ಬ್ಲೂಗಿಲ್ ಮನೆ ಮಂದಿ. ಹಾಕಿದ್ದು ಉಣ್ಣುತ್ತೆ."

ಹಾಗಾಗಿ ಹಾಲ್ಕಮ್ ಅವರ ದನದ ಕೊಳ.
ನೀರಿಗೆ ಹಾಲಿಲ್ಲದ ಚಹಾದ ಬಣ್ಣ,
ದಂಡೆಯ ತುಂಬ ಗೊರಸಿನ ಗುಳಿ.
ಅವಳು ಕೊಟ್ಟ ಬೂದು ಹುಳುವನ್ನು ಬೆಳಕಿಗೆ ಹಿಡಿದು
ಇದು ಯಾವ ಪ್ರಾಣಿಯ ರೋಮ, ಅಂದೆ.
"ಮೊನ್ನೆ ನಿನ್ನ ಕುರ್ಚಿಯ ಸುತ್ತ ಗುಡಿಸಿದ್ದು.
ಜಿಂಕೆಯ ಕೂದಲು ಒಳಗೆ ಟೊಳ್ಳು, ತೇಲುತ್ತೆ.
ಮನುಷ್ಯನದು ತುಂಬಿರುತ್ತೆ. ಮುಳುಗುತ್ತೆ."
ಏನು ತುಂಬಿರುತ್ತೆ ಅಂತ ಹೇಳಲಿಲ್ಲ.
ಆಚೆ ದಡಕ್ಕೆ ಹೊರಟುಹೋದಳು.

ಮೊದಲ ಎಸೆತ ವಿಲೋ ಕೊಂಬೆಗೆ.
ಎರಡನೆಯದು ನನ್ನದೇ ಟೋಪಿಗೆ.
ಮೂರನೆಯದರ ಲೆಕ್ಕ ಬೇಡ, ಒಂದು ಹಸು ನೋಡಿದೆ.
ಆಮೇಲೊಂದು ಹೇಗೋ ಹುಲ್ಲಂಚಿನ ನೆರಳಿಗೆ ಬಿತ್ತು;
ಕಾಲಿಗೆ ಸುತ್ತಿದ ದಾರ ಬಿಡಿಸುತ್ತ ಕೂತೆ,
ಬೈಯುತ್ತ, ಒಂದು ಕಣ್ಣೂ ನೀರಿನ ಮೇಲಿಲ್ಲದೆ.

ಅಲ್ಲಿ, ಕತ್ತಲೆಯೊಳಗೆ, ನನ್ನ ನರೆ
ಮೆಲ್ಲಗೆ ಇಳಿಯುತ್ತಿತ್ತು.

ದಾರ ಒಮ್ಮೆ ಮಿಡಿಯಿತು.
ಬಾಗಿಲ ಹೊರಗಿಂದ ಮಗು ಬೆರಳಲ್ಲಿ ತಟ್ಟಿದ ಹಾಗೆ.
ಎತ್ತಿದೆ. ಕೋಲು ಬಾಗಿತು.
ಅಂಗೈ ಅಗಲದ ಜೀವ
ಅಡ್ಡಕ್ಕೆ ತಿರುಗಿ, ಸುತ್ತು ಹಾಕಿ,
ತನ್ನ ಇಡೀ ಅಗಲದಿಂದ ಬೇಡ ಅಂದಿತು.

ಎದೆಗೆ ಕಿತ್ತಳೆ, ಗಲ್ಲಕ್ಕೆ ನೀಲಿ,
ಕಿವಿರಿನ ತುದಿಗೆ ಇಂಕು ತಾಗಿದ ಬೆರಳಿನ ಗುರುತು.
ಬೆನ್ನ ಮುಳ್ಳು ಚುಚ್ಚಿತು; ಸರಿಯಾಗೇ ಮಾಡಿತು.
ಕೈ ಒದ್ದೆ ಮಾಡಿಕೊಂಡು ಹಿಡಿದೆ, ಅವಳು ಹೇಳಿದಂತೆ.
ಅದರ ತುಟಿಯ ಅಂಚಿನಲ್ಲಿ
ಐವತ್ತೆಂಟು ವರ್ಷದ ನನ್ನದೊಂದು ಎಳೆ.

ವರ್ಡಾ, ಅಂತ ಕೂಗಿದೆ.
ಅವಳು ಬೆನ್ನು ತಿರುಗಿಸಿರಲಿಲ್ಲ,
ಒಂದು ಕೈ ಮಾತ್ರ ಎತ್ತಿದಳು.
ಅಷ್ಟರಲ್ಲಿ ಮೀನು ಹೋಗಿತ್ತು,
ಅಂಗೈಯಲ್ಲಿ ಲೋಳೆ, ಒಂದು ತೊಟ್ಟು ರಕ್ತ, ನನ್ನದು.

ಹುಳು ಮರುಗಳಿಗೆಯೇ ವಿಲೋ ಪಾಲಾಯಿತು.

ಮಂಗಳವಾರ ಅಂಗಡಿ ತೆರೆಯುವ ಮುಂಚೆ ಹೋಗಿ ನಿಂತೆ.
"ಹತ್ತು ದಿನ ಕೂಡ ಆಗಿಲ್ಲವಲ್ಲೋ," ಅಂದಳು.
ಕಿವಿಯ ಮೇಲಿನದು ಸ್ವಲ್ಪ ತೆಗಿ, ಅಂದೆ.
ಅಲ್ಲಿಯದು ಇನ್ನೂ ಬೆಳ್ಳಗಿದೆ.